ಒಂದು ಕೊಡ ನೀರಿನಷ್ಟು ಭಾರ

ನಾನು ಹೇಳುತ್ತಾ ಹೋಗುತ್ತೇನೆ, ಎದುರಿಗೆ ಕುಳಿತವರು ಬರೆದುಕೊಳ್ಳುತ್ತಾ ಹೋಗುತ್ತಾರೆ. ನನಗೆ ಓದು ಬರಹ ಬರುವುದಿಲ್ಲ. ನನ್ನ ಮಾತನ್ನು ಆಡಿದ ಹಾಗೆ ಬರೆಯದೆ ಪುಸ್ತಕದ ಮಾತಿಗೆ ತಿದ್ದಿ ಬರೆಯುತ್ತಿದ್ದಾರೆಂಬ ಗುಮಾನಿ ನನಗಿದೆ. ನಾನು ಒಂದು ಮಾತಾಡಿದರೆ ಆ ಪೆನ್ನು ಮೂರು ಮಾತಿನಷ್ಟು ದೂರ ಓಡುತ್ತದೆ. ಓಡಲಿ. ಯಾರು ಯಾರಿಗೆ ಏನೆಂದರು ಎನ್ನುವುದನ್ನು ಮಾತ್ರ ಅಂದ ಹಾಗೆಯೇ ಇಡಬೇಕೆಂದು ತಾಕೀತು ಮಾಡಿದ್ದೇನೆ.

ನಮ್ಮ ಊರಿನ ಕಾಲೇಜು ಗುಡ್ಡದ ಮೇಲಿದೆ. ಕೆಳಗಿನ ಸಂತೆಬಯಲಿನಿಂದ ಕಾಲೇಜಿನ ಬಾಗಿಲಿಗೆ ಇನ್ನೂರ ಹದಿನಾಲ್ಕು ಮೆಟ್ಟಿಲು. ನಡುವೆ ಒಂದು ಹುಣಸೆಮರ, ಅದರ ಸುತ್ತ ಕಟ್ಟೆ. ವಿದ್ಯಾರ್ಥಿಗಳ ಪುಸ್ತಕದ ಚೀಲ ಹೊತ್ತು ಮೇಲೆ ಮುಟ್ಟಿಸುವ ಹಮಾಲರು ನಾವು ಒಂಬತ್ತು ಮಂದಿ, ಅದರಲ್ಲಿ ಹೆಂಗಸು ನಾನೊಬ್ಬಳೇ. ನಲವತ್ತು ವರ್ಷದಿಂದ ಹೊರುತ್ತಿದ್ದೇನೆ. ಎಲ್ಲರೂ ನನ್ನನ್ನು ಹಮಾಲವ್ವ ಅನ್ನುತ್ತಾರೆ. ನನಗೂ ಒಂದು ಹೆಸರಿದೆ, ಅದು ಬರಬೇಕಾದ ಕಡೆ ಬರುತ್ತದೆ.

ನಮ್ಮಲ್ಲಿ ಪುಸ್ತಕ ತಿಳಿಯದವರ ಕೈಗೆ ಭಾರ, ತಿಳಿದವರ ಕೈಗೆ ಹಗುರ. ಒಂದೇ ಪುಸ್ತಕ ನಿಮ್ಮ ಕೈಯಲ್ಲಿ ಹಪ್ಪಳದಷ್ಟು, ನನ್ನ ಕೈಯಲ್ಲಿ ಬೀಸುವ ಕಲ್ಲಿನಷ್ಟು ಇದ್ದೀತು. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿ ಯಾರಿಗೆ ತಿಳಿದಿದೆ, ಯಾರಿಗೆ ತಿಳಿದಿಲ್ಲ ಎಂದು ಹೇಗೆ ಗೊತ್ತುಮಾಡಿಕೊಳ್ಳುತ್ತಾರೋ ದೇವರೇ ಬಲ್ಲ. ಇಲ್ಲಿ ಚಹದಂಗಡಿಯವರು ಓದಿ ಮುಗಿಸಿದ ಪೇಪರು ಹಾರಿಹೋಗದಂತೆ ಮೇಲೊಂದು ಕಲ್ಲಿಡುತ್ತಾರೆ. ಕಚೇರಿಯಿಂದ ಬರುವ ನೋಟೀಸು ಒಂದೇ ಹಾಳೆಯಾದರೂ ಇಬ್ಬರು ಹಿಡಿದು ತರಬೇಕು. ಹೆಣ್ಣು ನೋಡಲು ಬಂದವರು, ಹುಡುಗ ಬಿ.ಎ. ಎಂದು ಹೇಳಿದರೆ ಸಾಲದು, ಅವನ ಕೈಗೆ ಅವನದೇ ಪುಸ್ತಕ ಕೊಟ್ಟು ತೋಳಿನ ನರ ನೋಡುತ್ತಾರೆ.

ಅಕ್ಷರ ಬಾರದ ನಮಗೆ ಎಲ್ಲ ಪುಸ್ತಕವೂ ತುಂಬಿದ ಭಾರ. ಓದಿದವರಿಗೆ ಹಗುರ, ಆದರೆ ಓದಿದವರು ಹೊರುವುದಿಲ್ಲ. ನಮಗೆ ಭಾರ, ಹೊರುವವರು ನಾವೇ. ಇದನ್ನು ನಾನು ಯಾರಿಗೂ ದೂರಿಲ್ಲ, ಮೆಟ್ಟಿಲು ಹತ್ತುವಾಗ ದೂರಲು ಉಸಿರು ಉಳಿಯುವುದಿಲ್ಲ. ಕಾಲೇಜು ಶುರುವಾಗುವ ತಿಂಗಳು ನಮಗೆ ಸುಗ್ಗಿ. ಚಳಿಗಾಲ ಬರುವ ಹೊತ್ತಿಗೆ ಅರ್ಧ ಹುಡುಗರು ಚೀಲವನ್ನು ಕಿರುಬೆರಳಿಗೆ ಸಿಕ್ಕಿಸಿಕೊಂಡು ನಮ್ಮ ಮುಂದೆಯೇ ಸಿಳ್ಳೆ ಹಾಕುತ್ತಾ ಹೋಗುತ್ತಾರೆ. ಮೂರು ವರ್ಷವೂ ನಮ್ಮನ್ನು ಕೈಬಿಡದ ಹುಡುಗರೂ ಇದ್ದಾರೆ. ಅವರ ಹೊಟ್ಟೆ ತಣ್ಣಗಿರಲಿ.

ವರ್ಷದ ಪರೀಕ್ಷೆಗೆ ಮುಂಚೆ ತೂಕದ ದಿನ ಎಂದು ಒಂದಿರುತ್ತದೆ. ಕಾಲೇಜಿನ ದೊಡ್ಡ ಕೋಣೆಯಲ್ಲಿ ಚೀಲ ತೂಗುವಂಥ ಕಬ್ಬಿಣದ ತೂಕದ ಯಂತ್ರ ಇಟ್ಟಿದ್ದಾರೆ. ಅದರ ಮುಂದೆ ಮುರಿಗೆಪ್ಪ ಎಂಬ ಗುಮಾಸ್ತರು. ವಿದ್ಯಾರ್ಥಿ ಮೊದಲು ಬರಿಗೈಯಲ್ಲಿ ಹತ್ತಿ ನಿಲ್ಲಬೇಕು, ಆಮೇಲೆ ಪುಸ್ತಕ ಹಿಡಿದು ನಿಲ್ಲಬೇಕು. ಯಾವ ಪುಸ್ತಕವೇ ಆಗಲಿ, ತೂಕ ಮೂರು ಕಿಲೋ ಮೀರಿದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ಮೊದಲೆಲ್ಲ ಕೆಲವರು ಹಾಳೆ ಹರಿದು ತೂಕ ಇಳಿಸಿದ್ದುಂಟು. ಅಂದಿನಿಂದ ಮುರಿಗೆಪ್ಪನವರು ಒಂದೊಂದೇ ಹಾಳೆ ಎಣಿಸಿ ನೋಡಿಯೇ ಪರೀಕ್ಷೆಯ ಚೀಟಿಗೆ ಠಸ್ಸೆ ಹೊಡೆಯುವುದು.

ದಾನಮ್ಮ ನನ್ನ ಕಣ್ಣಿಗೆ ಬಿದ್ದದ್ದು ತೊಂಬತ್ತನೆಯ ಮೆಟ್ಟಿಲಿನಲ್ಲಿ. ಮೊದಲ ವರ್ಷದ ಹುಡುಗಿ. ಚೀಲವನ್ನು ಎರಡೂ ಕೈಯಿಂದ ಹೊಟ್ಟೆಗೆ ಅವಚಿಕೊಂಡು, ಒಂದು ಮೆಟ್ಟಿಲಿಗೆ ಒಮ್ಮೆ ನಿಂತು ಹತ್ತುತ್ತಿದ್ದಳು. ಹವಾಯಿ ಚಪ್ಪಲಿಯ ಬಾರಿಗೆ ಪಿನ್ನು ಚುಚ್ಚಿತ್ತು. ಮೊಣಕೈ ತನಕ ಜೋಳದ ಹಿಟ್ಟು ಒಣಗಿತ್ತು. ತೊಂಬತ್ತನೆಯದಕ್ಕೆ ಕಾಲು ಸೋತು ಕುಕ್ಕರಿಸಿದಳು.

"ಇತ್ತ ಕೊಡು ತಂಗಿ," ಎಂದೆ.

"ಬ್ಯಾಡ ಆಯಿ, ನಿನಗ ಕೊಡಾಕ ನನ್ನ ಹತ್ರ ಏನಿಲ್ಲ," ಎಂದಳು. ಮುಖ ಎತ್ತಲಿಲ್ಲ.

ಮುಂಜಾನೆ ಎಂಟು ಗಂಟೆಯ ತನಕ ಸಂತೆಬಯಲಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆಂದು ಆಮೇಲೆ ತಿಳಿಯಿತು. ಇರುವುದು ಗುಡ್ಡದ ಬುಡದಲ್ಲಿನ, ಕಾಲೇಜಿನ ಪುಕ್ಕಟೆ ಹಾಸ್ಟೆಲ್ಲಿನಲ್ಲಿ. ಅಲ್ಲಿ ಒಂದು ಕೋಣೆಗೆ ಆರು ಜನ, ಸ್ನಾನಕ್ಕೆ ಸರತಿ. ರೊಟ್ಟಿ ಮುಗಿಸಿ ಓಡಿ ಬರುವ ಹೊತ್ತಿಗೆ ಸರತಿ ದಾಟಿ ಹೋಗಿರುತ್ತಿತ್ತು, ಹಿಟ್ಟಿನ ಕೈಯಲ್ಲೇ ತರಗತಿಗೆ ಹೋಗುತ್ತಿದ್ದಳು. ಊರು ಹೊಳೆಯಾಚೆ, ಒಂದೂವರೆ ದಿನದ ದಾರಿ. ತಾಯಿ ಕೌದಿ ಹೊಲಿಯುತ್ತಾಳೆ. ಅವಳ ಊರಿನ ಶಾಲೆಗೆ ವಿಜ್ಞಾನ ಹೇಳುವ ಮಾಸ್ತರರು ಯಾವತ್ತೂ ಬಂದವರಲ್ಲ. ಆ ಪೀರಿಯಡ್ಡಿನಲ್ಲಿ ಮಕ್ಕಳು ಅಂಗಳ ಗುಡಿಸುತ್ತಿದ್ದರಂತೆ. ತಾನು ಕಲಿತು ಹೋಗಿ ಆ ಪೀರಿಯಡ್ಡು ತೆಗೆದುಕೊಳ್ಳಬೇಕೆಂಬುದು ಈ ಹುಡುಗಿಯ ಹಂಬಲ. ಪರೀಕ್ಷೆಗೆ ಕೂಡಿಸದಿದ್ದರೆ ಹಾಸ್ಟೆಲ್ಲು ಹೋಗುತ್ತದೆ. ಹಾಸ್ಟೆಲ್ಲು ಹೋದರೆ ಕಾಲೇಜೂ ಹೋಯಿತು, ಊರಿಗೆ ಮರಳಿ ಕೌದಿಗೆ ಕೂರುವುದೇ.

ಅಂದು ಅವಳ ಚೀಲ ಕಿತ್ತುಕೊಂಡು ತಲೆಗಿಟ್ಟುಕೊಂಡೆ. ಕನ್ನಡದ ಪುಸ್ತಕ, ಚರಿತ್ರೆಯ ಪುಸ್ತಕ ಎಲ್ಲ ಹಾಸ್ಟೆಲ್ಲಿನಲ್ಲೇ ಬಿಟ್ಟಿದ್ದಳು. ಅವು ಅವಳ ಕೈಗೆ ಆಗಲೇ ಹಗುರವಾಗಿದ್ದವು. ಚೀಲದಲ್ಲಿದ್ದದ್ದು ಒಂದೇ ಒಂದು, ಭೌತಶಾಸ್ತ್ರ, ಇಂಗ್ಲಿಷಿನಲ್ಲಿ. ಒಂದು ಕೊಡ ನೀರಿನಷ್ಟು ಭಾರ, ಹನ್ನೆರಡು ಕಿಲೋಗೆ ಕಡಿಮೆಯಿಲ್ಲ. ಹುಣಸೆಕಟ್ಟೆಯಲ್ಲಿ ಇಳಿಸಿ ಉಸಿರು ತೆಗೆದುಕೊಂಡೆ. ಅವಳು ಹಮಾಲಿಯ ಮಾತೆತ್ತಿ ಮತ್ತೆ ತಲೆ ತಗ್ಗಿಸಿದಳು.

"ರೊಕ್ಕ ಬ್ಯಾಡ," ಎಂದೆ. "ಮೂವತ್ತೊಂದು ವರ್ಷ ಹೊತ್ತೀನಿ. ಒಳಗ ಏನೈತಿ ಅಂತ ಒಬ್ಬರೂ ಹೇಳಿಲ್ಲ. ದಿನಾ ಇಲ್ಲಿ ಕುಂತು ಇಷ್ಟ ಇಷ್ಟ ಹೇಳು. ಅದ ನನ್ನ ಹಮಾಲಿ."

ಅವಳು ನಕ್ಕಳು. ಹುಡುಗಿ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ.

ಅಂದೇ ಮೊದಲನೆಯ ಕಂತು ಸಂದಾಯವಾಯಿತು. ಪುಸ್ತಕ ತೆರೆದು ಒಂದು ಮೊಳೆಯ ಚಿತ್ರ ತೋರಿಸಿದಳು. ಏನೋ ಇಂಗ್ಲಿಷಿನಲ್ಲಿ ಗಡಗಡ ಓದಿದಳು. ನನಗೆ ತಿಳಿಯಲಿಲ್ಲ ಎಂದೆ. ಅವಳು ತುಸು ಹೊತ್ತು ನನ್ನ ತಲೆಯನ್ನೇ ನೋಡುತ್ತಾ ಕೂತಳು. "ಆಯಿ, ನೀ ತಲಿ ಮ್ಯಾಲ ಸಿಂಬಿ ಯಾಕ ಇಟಗೋತಿ?" ಎಂದಳು.

"ಒತ್ತಬಾರದಂತ."

"ಸಿಂಬಿ ಇಟ್ರ ಭಾರ ಕಡಿಮಿ ಆಗತೈತೇನು?"

"ಭಾರ ಅಷ್ಟ ಇರತೈತಿ. ಆದ್ರ ಒಂದ ಕಡೆ ಚುಚ್ಚಂಗಿಲ್ಲ, ತಲಿ ತುಂಬ ಹರಡತೈತಿ."

"ಇದರಾಗ ಬರದದ್ದೂ ಅದ," ಎಂದಳು. ಎಂದವಳು ತಾನೇ ಬೆಕ್ಕಸಬೆರಗಾಗಿ ಆ ಮೊಳೆಯ ಚಿತ್ರವನ್ನು ಮತ್ತೊಮ್ಮೆ ನೋಡಿದಳು.

ಹೀಗೆ ದಿನಕ್ಕೆ ಒಂದಿಷ್ಟು. ಬಸ್ಸು ಗಕ್ಕನೆ ನಿಂತರೆ ಒಳಗಿನವರು ಯಾಕೆ ಮುಗ್ಗರಿಸುತ್ತಾರೆ, ಬಾವಿಯ ಗಡಗಡಿ ಹೇಗೆ ಕೈಯ ಕಷ್ಟ ಉಳಿಸುತ್ತದೆ, ಸಾಣೆ ಹಿಡಿದ ಕುಡುಗೋಲು ಯಾಕೆ ಲಗುಬಗೆ ಕೊಯ್ಯುತ್ತದೆ. ನನಗೆ ಅದು ಕಥೆ ಕೇಳಿದ ಹಾಗೆ. ಅವಳಿಗೆ ಅದು ಹಮಾಲಿ ತೀರಿಸಿದ ಹಾಗೆ. ಓದು ಎಂದರೆ ಅವಳಿಗೆ ಬೇರೆ. ಹಾಸ್ಟೆಲ್ಲಿನ ಮೂಲೆಯಲ್ಲಿ ಕೂತು ಇಂಗ್ಲಿಷಿನ ಪುಟಕ್ಕೆ ಪುಟ ಬಾಯಿಪಾಠ ಮಾಡುವುದು. ತರಗತಿಯಲ್ಲಿ ಭೌತಶಾಸ್ತ್ರದ ಹಂಚಿನಮನಿ ಸರ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದರೆ ಕಡೆಯ ಬೆಂಚಿನಲ್ಲಿ ಇವಳಿಗೆ ರೊಟ್ಟಿ ಬಡಿದ ದಣಿವಿಗೆ ಕಣ್ಣು ಎಳೆಯುತ್ತಿತ್ತು. ಒಮ್ಮೆ ಏನೋ ಕೇಳಲು ಎದ್ದು ನಿಂತು, ಇಂಗ್ಲಿಷು ನಡುವೆಯೇ ಕೈಕೊಟ್ಟು, ಮುಂದಿನ ಬೆಂಚಿನವರು ಕಿಸಕ್ಕೆಂದಿದ್ದರು. ಅಂದಿನಿಂದ ಎದ್ದಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮುರಿಗೆಪ್ಪನವರು ಒಮ್ಮೆ ಸುಮ್ಮನೆ ತೂಗಿ ನೋಡುವ ರೂಢಿಯಿದೆ, ಯಾರು ಎಲ್ಲಿದ್ದೀರಿ ನೋಡಿಕೊಳ್ಳಿ ಎನ್ನಲು. ದಾನಮ್ಮನ ಪುಸ್ತಕ ಹತ್ತು ಕಿಲೋ ಬಂತು. ಎರಡು ಕಿಲೋ ಇಳಿದಿತ್ತು.

"ಬಾಯಿಪಾಠಕ್ಕ ಎರಡು ಇಳದೈತಿ ಆಯಿ," ಎಂದಳು ಕಟ್ಟೆಯ ಮುಂದೆ ನಿಂತೇ. "ಇನ್ನೂ ಏಳು ಇಳೀಬೇಕು. ಇರೋದು ಎರಡು ತಿಂಗಳು. ನಾ ಇನ್ನ ಮ್ಯಾಲ ಇಲ್ಲಿ ಕುಂದ್ರಾಂಗಿಲ್ಲ. ತಪ್ಪು ತಿಳೀಬ್ಯಾಡ."

"ನನ್ನ ಹಮಾಲಿ?"

"ಪರೀಕ್ಷಾ ಮುಗಿದ ಮ್ಯಾಲ ಎಲ್ಲಾ ಕೂಡಿಸಿ ಹೇಳ್ತೀನಿ."

ನನಗೆ ಬೇಜಾರಾಯಿತು. ಸುಳ್ಳು ಯಾಕೆ ಹೇಳಲಿ, ಅಳುವಷ್ಟು ಬೇಜಾರಾಯಿತು. ಮಕ್ಕಳಿಲ್ಲದ ನನಗೆ ಆ ಅರ್ಧ ಗಂಟೆಯೇ ಇಡೀ ದಿನದಲ್ಲಿ ನನ್ನದು ಎನ್ನುವಂಥದ್ದು. ಆದರೂ ಚೀಲ ಹೊರುವುದನ್ನು ಬಿಡಲಿಲ್ಲ. ಅವಳು ಪಕ್ಕದಲ್ಲೇ ತುಟಿ ಅಲುಗಿಸುತ್ತಾ ಹತ್ತುತ್ತಿದ್ದಳು. ಕಣ್ಣಿನ ಕೆಳಗೆ ಕಪ್ಪು, ಕೆನ್ನೆ ಒಳಗೆ. ಖಾನಾವಳಿಯಲ್ಲಿ ರೊಟ್ಟಿ ಹೆಂಚಿನ ಮೇಲೆ ಬಿಟ್ಟು ಏನೋ ಗುನುಗುತ್ತಾ ನಿಲ್ಲುತ್ತಾಳೆ, ಕೈ ಸುಟ್ಟುಕೊಂಡಳು ಎಂದು ಸುದ್ದಿ ಬಂತು. ಪುಸ್ತಕ ಮಾತ್ರ ಒಂದು ಗುಂಜಿಯೂ ಇಳಿಯಲಿಲ್ಲ. ನನ್ನ ತಲೆಗೆ ಅವಳ ತೂಕ ತಿಳಿಯುವುದಿಲ್ಲ ನಿಜ, ಆದರೆ ಕಟ್ಟೆಯಿಂದ ಎತ್ತಿ ನನ್ನ ಕೈಗೆ ಕೊಡುವಾಗ ಅವಳ ಮಣಿಕಟ್ಟು ನಡುಗುವುದು ಕಾಣುತ್ತಿತ್ತಲ್ಲ.

ತೂಕದ ದಿನಕ್ಕೆ ಇಪ್ಪತ್ತೆರಡು ದಿನ ಉಳಿದಿತ್ತು. ಅಂದು ನಾನೊಂದು ತಪ್ಪು ಮಾಡಿದೆ. ಮಧ್ಯಾಹ್ನ ಅವಳಿಗೆ ಕನ್ನಡದ ತರಗತಿ. ಭಾರದ ಪುಸ್ತಕ ನನ್ನ ಹತ್ತಿರ ಕಟ್ಟೆಯ ಮೇಲೇ ಇತ್ತು. ಬಿಸಿಲು ಚುರುಗುಟ್ಟುತ್ತಿತ್ತು, ಸುತ್ತ ಯಾರೂ ಇರಲಿಲ್ಲ. ಎಲ್ಲಕ್ಕಿಂತ ಭಾರದ ಒಂದಷ್ಟು ಹಾಳೆ ಕಿತ್ತುಬಿಟ್ಟರೆ ಹುಡುಗಿ ಬದುಕಿಕೊಳ್ಳುತ್ತಾಳೆ ಎಂದು ನನ್ನ ಕೆಟ್ಟ ತಲೆಗೆ ಹೊಳೆಯಿತು. ಮುರಿಗೆಪ್ಪನವರಿಗೆ ಚಾಳೀಸು ಬಂದು ಕಣ್ಣು ಮಂಜಾಗಿದೆ, ಎರಡು ಹಾಳೆ ಒಟ್ಟಿಗೆ ಎಣಿಸಿಯಾರು ಎಂದು ಧೈರ್ಯ ತಂದುಕೊಂಡೆ.

ಹಮಾಲರ ಕೈ ತಕ್ಕಡಿಯಂಥದು. ಒಂದೊಂದೇ ಹಾಳೆಯನ್ನು ಬೆರಳ ಮೇಲೆ ಎತ್ತಿ ತೂಗಿದೆ. ತಲೆಯ ಮೇಲೆ ಹೊರೆ ಹೊತ್ತು ನಡೆಯುತ್ತಿರುವ ಮನುಷ್ಯನ ಚಿತ್ರವಿದ್ದ ಹಾಳೆಯೊಂದು ಒಡೆದ ಹಂಚಿನ ಚೂರಿನಷ್ಟು ಭಾರವಿತ್ತು. ಅದನ್ನು ಮೊದಲು ಹರಿದೆ. ಮುಂದಕ್ಕೆ ಮಗುಚಿದೆ. ಇದೂ ಹಂಚು, ಅದೂ ಹಂಚು. ಅಷ್ಟರಲ್ಲಿ ಒಂದು ಹಾಳೆ ಬೆರಳಿಗೆ ತಾಗಿದ್ದೇ ಗೊತ್ತಾಗದಂತೆ ಮೇಲೆದ್ದಿತು. ಗಾಳಿಯೆಂದುಕೊಂಡೆ. ಗಾಳಿ ಇರಲಿಲ್ಲ. ಮತ್ತೆ ಎತ್ತಿದೆ, ಈರುಳ್ಳಿಯ ಸಿಪ್ಪೆಯಂತೆ ಎದ್ದಿತು. ಬಗ್ಗಿ ನೋಡಿದರೆ ಮೊಳೆಯ ಚಿತ್ರ.

ಗಡಗಡಿಯ ಚಿತ್ರ ಹುಡುಕಿದೆ, ಅದೂ ಸಿಪ್ಪೆ. ಬಸ್ಸಿನಲ್ಲಿ ಜನ ವಾಲಿದ ಚಿತ್ರ, ಸಿಪ್ಪೆ. ಇವು ಅವಳ ಕೈಯಲ್ಲಿ ಅಲ್ಲ, ನನ್ನ ಕೈಯಲ್ಲಿ, ಹೆಬ್ಬೆಟ್ಟು ಒತ್ತುವ ಈ ಕೈಯಲ್ಲಿ ಹಗುರವಾಗಿದ್ದವು. ಅವಳು ಹಮಾಲಿಯೆಂದು ಹೇಳಿದ ಪಾಠಗಳಷ್ಟೇ ಹಗುರ, ಉಳಿದದ್ದೆಲ್ಲ ಹಂಚು. ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಯಾಕೆ ಅತ್ತೆ ಎಂದು ಈಗ ಕೇಳಿದರೂ ಹೇಳಲಾರೆ.

ದಾನಮ್ಮ ಬಂದವಳು ಮೊದಲು ನೋಡಿದ್ದು ನನ್ನ ಮಡಿಲಲ್ಲಿದ್ದ ಹರಿದ ಹಾಳೆ.

"ಏನ ಮಾಡಿದಿ ಆಯಿ," ಎಂದಳು. ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ಹಾಳಿ ಎಣಿಸ್ತಾರ ಅಂತ ಗೊತ್ತಿಲ್ಲೇನು ನಿನಗ? ನನ್ನ ಮಾತ ಮುಗದ ಹೋತು."

"ಬೈಯಿ. ಆಮ್ಯಾಲ ಬೈಯಿ. ಮೊದಲ ಈ ಹಾಳಿ ಹಿಡಿ," ಎಂದು ಮೊಳೆಯ ಹಾಳೆಯನ್ನು ಅವಳ ಬೆರಳಿಗೆ ಮುಟ್ಟಿಸಿದೆ. ಅವಳ ಬೆರಳ ಮೇಲೂ ಅದು ಸಿಪ್ಪೆಯಂತೆ ಎದ್ದಿತು. ಗಡಗಡಿಯದೂ ಹಾಗೆಯೇ. ಈಚೆಗೆ ಬಾಯಿಪಾಠ ಮಾಡಿದ ಒಂದು ಹಾಳೆ ಹಿಡಿ ಎಂದೆ. ಹಿಡಿದಳು, ಕೈ ಕೆಳಗೆ ಬಂತು. ಅದರಲ್ಲಿದ್ದದ್ದನ್ನು ಕಣ್ಣು ಮುಚ್ಚಿ ಒಂದಕ್ಷರ ತಪ್ಪದೆ ಹೇಳಿದಳು, ಹಾಳೆ ಮಾತ್ರ ಮೇಲೇಳಲಿಲ್ಲ. ಆಗ ಪುಸ್ತಕ ತೆರೆದಿಟ್ಟು, ಅದೇ ಹಾಳೆಯ ಕೆಳಗೆ ನನ್ನ ಒಂದು ಕೈ, ಗಡಗಡಿಯ ಹಾಳೆಯ ಕೆಳಗೆ ಇನ್ನೊಂದು ಕೈ ಇಟ್ಟಳು. ನನ್ನ ಒಂದು ಕೈ ಕೆಳಗೆ, ಒಂದು ಕೈ ಮೇಲೆ. ಇಬ್ಬರೂ ಆ ಎರಡು ಕೈಗಳನ್ನು ನೋಡುತ್ತಾ ಕೂತೆವು.

"ಎರಡು ಕಿಲೋ ಇಳದದ್ದು ಇಲ್ಲಿ," ಎಂದಳು ಕೊನೆಗೆ, ಕಟ್ಟೆಯ ಕಲ್ಲು ತಟ್ಟಿ.

"ಹಂಗಾರ ನನ್ನ ಬಾಕಿ ಹಮಾಲಿ ಇವತ್ತಿಂದ ಶುರು ಮಾಡು," ಎಂದೆ.

ಆಮೇಲಿನ ಇಪ್ಪತ್ತೆರಡು ದಿನ ನಾನು ಬೇರೆ ಯಾರ ಚೀಲವನ್ನೂ ಮುಟ್ಟಲಿಲ್ಲ. ಹತ್ತುವಾಗ ಹೇಳುತ್ತಿದ್ದಳು, ಇಳಿಯುವಾಗ ಹೇಳುತ್ತಿದ್ದಳು, ರೊಟ್ಟಿ ಬಡಿಯುವಾಗ ನಾನು ಖಾನಾವಳಿಯ ಒಲೆಯ ಮುಂದೆ ಕೂತು ಉರಿ ಮಾಡುತ್ತಾ ಕೇಳುತ್ತಿದ್ದೆ. ತಿಳಿಯಿತೇ ಎಂದು ಕೇಳಿದರೆ ಸುಮ್ಮನೆ ತಲೆಯಾಡಿಸುವವಳು ನಾನಲ್ಲ. ಬೆರಳ ಮೇಲೆ ಹಾಳೆ ಎದ್ದರೆ ತಿಳಿಯಿತು, ಏಳದಿದ್ದರೆ ಮತ್ತೆ ಹೇಳು. ಒಂದೊಂದನ್ನು ಐದೈದು ಸಲ ಹೇಳಿಸಿದೆ. ಒಮ್ಮೆ ಸಿಟ್ಟಿಗೆ ಹಿಟ್ಟಿನ ಮುದ್ದೆ ಕೆಳಗೆ ಬಿಸಾಡಿ, "ನಿನ್ನಂಥಾ ಕಲ್ಲುತಲಿ ಎಲ್ಲೂ ನೋಡಿಲ್ಲ," ಎಂದಳು. ಎದುರಿಗೆ ಕುಳಿತು ಬರೆಯುವವರು ಇದನ್ನು ಬರೆಯದೆ ಬಿಟ್ಟಾರು, ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಕಲ್ಲುತಲೆ ಎಂದಳು.

ನನಗೆ ಹೇಳಲಾಗದ್ದು ತನಗೇ ಗೊತ್ತಿಲ್ಲ ಎನ್ನುವುದು ಅವಳಿಗೆ ಹೀಗೆ ಹೇಳಿ ಹೇಳಿ ಗೊತ್ತಾಯಿತು. ಗೊತ್ತಿಲ್ಲದ್ದನ್ನು ಕೇಳಬೇಕಲ್ಲ. ಒಂದು ದಿನ ತರಗತಿಯಲ್ಲಿ ಎದ್ದು ನಿಂತು, ಕನ್ನಡದಲ್ಲೇ, "ಸರ್, ಹಮಾಲರು ಹೊರೆ ಹೊತ್ತು ಸಪಾಟ ನೆಲದ ಮ್ಯಾಲ ನಡದ್ರ ಕೆಲಸ ಆಗಂಗಿಲ್ಲ ಅಂತ ಬರದಾರ. ಅದು ಹೆಂಗ?" ಎಂದು ಕೇಳಿದಳು. ನಾನು ಹರಿದ ಹಾಳೆಯಲ್ಲಿ ಇದ್ದದ್ದು ಅದೇ ಪಾಠ. ಮುಂದಿನ ಬೆಂಚು ಮತ್ತೆ ಕಿಸಕ್ಕೆಂದಿತಂತೆ. ಹಂಚಿನಮನಿ ಸರ್, "ಸಂಜೀಕ ಹೇಳ್ತೀನಿ," ಎಂದರಂತೆ.

ಸರ್ ಎಂದರೆ ನಮಗೆ ದೂರದವರು. ಅಂಗಿಯ ತೋಳು ಮಣಿಕಟ್ಟಿನ ತನಕ ಗುಂಡಿ ಹಾಕಿ, ತಮ್ಮ ಚೀಲವನ್ನು ತಾವೇ ಹೊತ್ತು, ಯಾವ ಹಮಾಲನ ಕಡೆಗೂ ನೋಡದೆ ಹತ್ತುತ್ತಿದ್ದರು. ಬಲು ಹಮ್ಮು ಎಂದುಕೊಂಡಿದ್ದೆವು. ಸಂಜೆ ಕಟ್ಟೆಗೆ ಬಂದು ನನ್ನ ಎದುರಿಗೇ ಕೂತರು, ಚೀಲ ಇಳಿಸಿದರು. ಚೀಲ ದೊಪ್ಪೆಂದಿತು. ದಾನಮ್ಮ ನನ್ನನ್ನು ನೋಡಿದಳು, ನಾನು ಮರ ನೋಡಿದೆ.

"ಎರಡು ಪಾಠ ನನಗೂ ಭಾರ ಅದಾವ," ಎಂದರು ಸರ್, ಕರವಸ್ತ್ರದಿಂದ ಕತ್ತು ಒರೆಸಿಕೊಂಡು. "ನಾನೂ ಕನ್ನಡ ಶಾಲಿಯವ. ಇಂಗ್ಲಿಷ್‍ನ್ಯಾಗ ಬರದದ್ದು ಹಂಗ ಹೇಳಿ ದಾಟಿಸಿಬಿಡ್ತೀನಿ. ಹಮಾಲರನ್ನ ಹಚ್ಚಿದ್ರ ಊರಿಗೆಲ್ಲ ತಿಳೀತೈತಿ. ಹನ್ನೆರಡು ವರ್ಷ ಹೀಂಗ ಹೊತ್ತೀನಿ."

ಅಂದು ಮೂವರೂ ಸೇರಿ ಆ ಪಾಠಕ್ಕೆ ಕೈ ಹಾಕಿದೆವು. ನಾನೂ ಸುಮ್ಮನಿರಲಿಲ್ಲ. "ಸಪಾಟ ನೆಲದ ಮ್ಯಾಲ ಹೊತ್ತು ನಡದ್ರ ಕೆಲಸ ಅಲ್ಲ ಅಂದಂವ ಯಾಂವ? ಅವನ ತಲಿ ಮ್ಯಾಲ ಒಂದ ಜೋಳದ ಚೀಲ ಇಟ್ಟು ಸಂತಿಬಯಲ ಸುತ್ತ ಹಾಕಸ್ರಿ," ಎಂದೆ. ದಾನಮ್ಮ ನಗು ತಡೆದುಕೊಂಡಳು. ಸರ್ ನಗಲಿಲ್ಲ. ಭೂಮಿ ಹೊರೆಯನ್ನು ಕೆಳಗೆ ಎಳೆಯುತ್ತದೆ, ಅದಕ್ಕೆ ಎದುರಾಗಿ ಎಷ್ಟು ಎತ್ತರ ಒಯ್ದೆವು ಎನ್ನುವುದನ್ನಷ್ಟೇ ಈ ಪಾಠ ಅಳೆಯುತ್ತದೆ, ಅಡ್ಡ ಒಯ್ದದ್ದನ್ನು ಅಳೆಯುವುದಿಲ್ಲ ಎಂದು ದಾನಮ್ಮ ಮೆಟ್ಟಿಲು ತೋರಿಸಿ ತೋರಿಸಿ ಹೇಳಿದಳು. "ಹಂಗಾರ ನನ್ನ ಬೆನ್ನು ನೋಯೋದು?" ಎಂದೆ. ಅದಕ್ಕೆ ಸರ್, "ದಣಿವು ಅಳೆಯೋ ಪಾಠ ಈ ಪುಸ್ತಕದಾಗ ಇಲ್ರಿ ಅವ್ವಾರ," ಎಂದರು. ಅವ್ವಾರ ಎಂದರು ನನಗೆ. ಮೇಲೆ ಕಲಿಸುವವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಹೋಗುವಾಗ ಅವರ ಚೀಲ ಕೊಂಚ ಸಲೀಸಾಗಿ ಎದ್ದಿತು.

ಹರಿದ ಹಾಳೆಯನ್ನು ಗಂಜಿ ಹಚ್ಚಿ ಅಂಟಿಸಿದ್ದೆವು. ತೂಕದ ದಿನ ಕೋಣೆಯ ಬಾಗಿಲಲ್ಲಿ ಹಮಾಲರೆಲ್ಲ ನಿಂತಿದ್ದೆವು. ನಾವು ಒಳಗೆ ಹೋಗುವ ಹಾಗಿಲ್ಲ. ದಾನಮ್ಮ ಬರಿಗೈಯಲ್ಲಿ ನಿಂತಳು, ನಲವತ್ತೊಂದು. ಪುಸ್ತಕ ಹಿಡಿದು ನಿಂತಳು. ಮುಳ್ಳು ನಡುಗಿ ನಡುಗಿ ನಲವತ್ತಮೂರೂವರೆಗೆ ನಿಂತಿತು. ಎರಡೂವರೆ ಕಿಲೋ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಮುರಿಗೆಪ್ಪನವರು ಠಸ್ಸೆ ಎತ್ತಲಿಲ್ಲ. ಎರಡು ತಿಂಗಳಲ್ಲಿ ಹತ್ತರಿಂದ ಎರಡೂವರೆಗೆ ಯಾರೂ ಇಳಿದದ್ದಿಲ್ಲ. ಪುಸ್ತಕವನ್ನು ಎರಡು ಕೈಯಲ್ಲಿ ಎಳೆದುಕೊಂಡು ಹಾಳೆ ಎಣಿಸುತ್ತಾ ಹೋದರು. ಗಂಜಿಯ ಹಾಳೆ ಸಿಕ್ಕಿತು.

"ಹರದೀರಿ," ಎಂದರು. "ಹರದು, ಸಿಕ್ಕೀವಿ ಅಂತ ಹಚ್ಚೀರಿ. ಇನ್ನೆಷ್ಟು ಹರದೀರೋ. ಹರಿದ ಪುಸ್ತಕಕ್ಕ ಪರೀಕ್ಷಾ ಇಲ್ಲ. ಮುಂದಿನವರು ಬರ್ರಿ."

ದಾನಮ್ಮ ನನ್ನ ಹೆಸರು ಹೇಳಲಿಲ್ಲ. ತುಟಿ ಕಚ್ಚಿ ನೆಲ ನೋಡುತ್ತಾ ನಿಂತಳು. ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಹೊಸ್ತಿಲು ದಾಟಿ ಒಳಗೆ ಹೋದೆ.

"ಹರದಾಕಿ ನಾನ್ರಿ ಸಾಹೇಬರ. ಆಕೀದೇನೂ ತಪ್ಪಿಲ್ಲ. ಒಂದ ಹಾಳಿ ಹರದೆ, ಒಂದ ಹಚ್ಚೀವಿ, ಉಳಿದದ್ದೆಲ್ಲಾ ಅದಾವ ನೋಡ್ರಿ," ಎಂದು ಮೇಜಿನ ಮೇಲಿದ್ದ ಪುಸ್ತಕವನ್ನು ಎತ್ತಿ, ಆ ಹಾಳೆ ತೆರೆದು, ಅವರ ಮೂಗಿನ ಮುಂದೆ ಹಿಡಿದೆ.

ಎಲ್ಲರೂ ಯಾಕೆ ನನ್ನ ಕಡೆ ತಿರುಗಿದರೆಂದು ನನಗೆ ಮೊದಲು ತಿಳಿಯಲಿಲ್ಲ. ಮುರಿಗೆಪ್ಪನವರು ಹಾಳೆ ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದರು. ಅವರು ಎರಡು ಕೈಯಲ್ಲಿ ಎಳೆದಿದ್ದ ಪುಸ್ತಕವನ್ನು ನಾನು ಎಡಗೈಯೊಂದರಲ್ಲಿ ಎತ್ತಿ ಹಿಡಿದಿದ್ದೆ.

"ಈ ಹಾಳ್ಯಾಗ ಏನೈತಿ?" ಎಂದರು ಮೆಲ್ಲಗೆ.

"ನನ್ನಂಥಾಕಿ ಹೊರಿ ಹೊತ್ತು ಸಪಾಟ ನಡದ್ರ ಕೆಲಸ ಅಲ್ಲಂತ, ಮೆಟ್ಲ ಹತ್ತಿದ್ರ ಕೆಲಸ ಅಂತ. ಭೂಮಿ ಎಳೆಯೋದಕ್ಕ ಎದುರು ಒಯ್ದದ್ದಷ್ಟ ಲೆಕ್ಕಕ್ಕಂತ. ನನಗ ಒಪ್ಪಿಗಿಲ್ಲ. ಆದ್ರ ತಿಳದೈತಿ."

ಹಿಂದೆ ಯಾರೋ ನಕ್ಕರು. ಹಂಚಿನಮನಿ ಸರ್ ಎಂದು ದನಿಯಿಂದ ಗೊತ್ತಾಯಿತು. ಮುರಿಗೆಪ್ಪನವರು ಯಂತ್ರದ ಕಡೆ ಕೈ ತೋರಿಸಿದರು. ಮೂವತ್ತೊಂದು ವರ್ಷ ಅದಿರುವ ಕೋಣೆಯ ಬಾಗಿಲ ತನಕ ಹೊತ್ತವಳು ನಾನು, ಅದರ ಮೇಲೆ ಕಾಲಿಟ್ಟದ್ದಿಲ್ಲ. ಚಪ್ಪಲಿ ಕಳಚಿ ಹತ್ತಿದೆ. ಬರಿಗೈಯಲ್ಲಿ ಒಮ್ಮೆ, ಪುಸ್ತಕ ಹಿಡಿದು ಒಮ್ಮೆ. ಮೂರು ಕಿಲೋಗೆ ಒಂದು ಕೂದಲೆಳೆ ಕಡಿಮೆ.

"ಯಾರು ಕಲಿಸಿದ್ರು?"

"ಈಕಿ."

ಅವರು ದಾನಮ್ಮನ ಚೀಟಿಗೆ ಠಸ್ಸೆ ಹೊಡೆದರು. ಆಮೇಲೆ ತಮ್ಮ ದೊಡ್ಡ ದಾಖಲೆ ಪುಸ್ತಕದಲ್ಲಿ ಅವಳ ಹೆಸರಿನ ಕೆಳಗಿನ ಸಾಲಿಗೆ ಬೆರಳಿಟ್ಟು, ನನ್ನ ಕಡೆ ನೋಡಿ, "ಹೆಸರು?" ಎಂದರು.

ನನಗೆ ಒಂದು ಗಳಿಗೆ ನೆನಪೇ ಆಗಲಿಲ್ಲ. ನನ್ನ ಅವ್ವ ಸತ್ತ ಮೇಲೆ ಅದನ್ನು ಕರೆದವರಿರಲಿಲ್ಲ.

"ಫಕೀರವ್ವ," ಎಂದೆ. ಅವರು ಬರೆದುಕೊಂಡರು.

ಇದೆಲ್ಲ ಆಗಿ ಒಂಬತ್ತು ವರ್ಷವಾಯಿತು. ಈಗ ಕಟ್ಟೆಯ ಮೇಲೆ ಸಂಜೆ ಹತ್ತು ಹನ್ನೆರಡು ಮಕ್ಕಳು ಕೂತು ಹಮಾಲರಿಗೆ ಪಾಠ ಹೇಳುತ್ತಾರೆ. ನಮ್ಮ ಸುಗ್ಗಿ ಮೊದಲಿನಷ್ಟು ದಿನ ನಡೆಯುವುದಿಲ್ಲ ಎಂದು ಉಳಿದ ಹಮಾಲರು ನನ್ನನ್ನು ಬೈಯುತ್ತಾರೆ. ಬೈಯಲಿ. ದಾನಮ್ಮ ತನ್ನ ಊರಿನ ಶಾಲೆಯಲ್ಲಿ ಆ ಪೀರಿಯಡ್ಡು ತೆಗೆದುಕೊಳ್ಳುತ್ತಾಳೆ. ಅಂಗಳ ಯಾರು ಗುಡಿಸುತ್ತಾರೆ ಎಂದು ಕೇಳಿದೆ, ಪೀರಿಯಡ್ಡು ಮುಗಿದ ಮೇಲೆ ನಾನೂ ಮಕ್ಕಳೂ ಕೂಡಿ ಎಂದಳು. ಈಗ ಶಾಲೆಯ ಸೂಟಿಗೆ ಇಲ್ಲಿಗೆ ಬಂದಿದ್ದಾಳೆ. ಬರೆದುಕೊಳ್ಳುತ್ತಾ ಎದುರಿಗೆ ಕುಳಿತವಳು ಅವಳೇ. ಕೈಯಲ್ಲಿ ಈಗ ಹಿಟ್ಟಿಲ್ಲ, ಸೀಮೆಸುಣ್ಣದ ಪುಡಿ ಇದೆ.

ಬರೆದದ್ದೆಲ್ಲ ಹದಿಮೂರು ಹಾಳೆಯಾಯಿತಂತೆ. ಈಗಷ್ಟೇ ನನ್ನ ಅಂಗೈ ಮೇಲೆ ಇಟ್ಟಳು. ಅಕ್ಷರಗಳು ಇರುವೆಯ ಸಾಲಿನಂತೆ ಕಾಣುತ್ತವೆ, ಒಂದರ ಗುರುತೂ ನನಗಿಲ್ಲ. ಭಾರ ಬರುತ್ತದೆಂದು ಇನ್ನೊಂದು ಕೈಯನ್ನು ಅಡಿಗೆ ಕೊಟ್ಟೆ, ರೂಢಿ ನೋಡಿ. ಏನೂ ಬರಲಿಲ್ಲ. ಅಂಗೈ ಬರಿದಾಗಿಯೇ ಇದ್ದಂತಿತ್ತು, ಹಾಳೆಗಳ ಅಂಚು ಆಗಲೇ ಮೆಲ್ಲಗೆ ಮೇಲೇಳುತ್ತಿತ್ತು. ಹುಣಸೆಮರದಲ್ಲಿ ಗಾಳಿ ಎದ್ದಿದೆ.

"ತಂಗಿ," ಎಂದೆ, "ಲಗೂನ ಒಂದ ಕಲ್ಲು ಕೊಡು."